ಚುಕ್ಕಿಗಳನ್ನಲ್ಲ, ನಡುವಿನ ಅಂತರವನ್ನು ಓದಿಸುತ್ತೇನೆ

ವಸ್ತುವೊಂದು ಸಮಾನ ಕಾಲಾವಧಿಗಳಲ್ಲಿ ಎಲ್ಲೆಲ್ಲಿತ್ತು ಎಂದು ಸಾಲಾಗಿ ಚುಕ್ಕಿ ಇಟ್ಟರೆ ಚಲನೆಯ ಚುಕ್ಕಿಚಿತ್ರ ಸಿದ್ಧ. ಚುಕ್ಕಿಗಳು ದೂರ ದೂರವಿದ್ದರೆ ವೇಗ ಹೆಚ್ಚು, ಒತ್ತೊತ್ತಾಗಿದ್ದರೆ ಕಡಿಮೆ. ಇಷ್ಟನ್ನು ತಿಳಿದ ವಿದ್ಯಾರ್ಥಿಗಳು ಇದರಲ್ಲಿ ಇನ್ನೇನಿದೆ ಎಂದು ಪುಟ ತಿರುಗಿಸಿಬಿಡುತ್ತಾರೆ. ಆಗ ನಾನು ಎರಡು ಸಾಲು ಚುಕ್ಕಿಗಳನ್ನು ಒಂದರ ಕೆಳಗೊಂದು ಬರೆಯುತ್ತೇನೆ.

ಎರಡು ಗಾಡಿಗಳು ಪಕ್ಕಪಕ್ಕದ ಹಳಿಗಳಲ್ಲಿ ಬಲಕ್ಕೆ ಹೋಗುತ್ತಿವೆ. ಪ್ರತಿ ಸೆಕೆಂಡಿಗೆ ಮೊದಲನೆಯದರ ಸ್ಥಾನ 0, 4, 8, 12, 16, 20 ಮೀಟರ್. ಎರಡನೆಯದರದು 5, 6, 8, 11, 15, 20. ಚುಕ್ಕಿಗಳಿಗೆ 0ಯಿಂದ 5ರವರೆಗೆ ಸಂಖ್ಯೆ ಕೊಟ್ಟು, ಇವೆರಡರ ವೇಗ ಯಾವಾಗಲಾದರೂ ಸಮವಾಗುತ್ತದೆಯೇ ಎಂದು ಕೇಳುತ್ತೇನೆ. ತಟ್ಟನೆ ಬರುವ ಉತ್ತರ, ‘2ನೇ ಮತ್ತು 5ನೇ ಚುಕ್ಕಿಗಳಲ್ಲಿ.’ ಅಲ್ಲಿ ಗಾಡಿಗಳು ಅಕ್ಕಪಕ್ಕ ನಿಂತಂತೆ ಕಾಣುತ್ತವೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಈ ಗೊಂದಲ ಹೊಸದಲ್ಲ. ಉರುಳುವ ಎರಡು ಗುಂಡುಗಳನ್ನು ತೋರಿಸಿ ವಿದ್ಯಾರ್ಥಿಗಳನ್ನು ಸಂದರ್ಶಿಸಿದ ಟ್ರೋಬ್ರಿಜ್ ಮತ್ತು ಮೆಕ್‌ಡರ್ಮಟ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಒಂದೇ ಸ್ಥಾನವನ್ನು ಒಂದೇ ವೇಗವೆಂದು ಭಾವಿಸುವ ಈ ಪ್ರವೃತ್ತಿ ದಾಖಲಾಗಿದೆ.

ನಾನು ಉತ್ತರ ಹೇಳುವುದಿಲ್ಲ. ಪ್ರತಿ ಎರಡು ಚುಕ್ಕಿಗಳ ನಡುವೆ ಅಂತರವನ್ನು ಬರೆಯಿರಿ ಎನ್ನುತ್ತೇನೆ. ಮೊದಲ ಸಾಲಿನಲ್ಲಿ ಎಲ್ಲವೂ 4. ಎರಡನೆಯದರಲ್ಲಿ 1, 2, 3, 4, 5. ಎರಡರಲ್ಲೂ 4 ಸಿಗುವುದು 3 ಮತ್ತು 4ನೇ ಚುಕ್ಕಿಗಳ ನಡುವೆ ಮಾತ್ರ, ಅದೂ ಎರಡನೆಯ ಗಾಡಿ ಒಂದು ಮೀಟರ್ ಹಿಂದಿರುವಾಗ. ಅಕ್ಕಪಕ್ಕ ಬಂದ ಆ ಎರಡು ಕ್ಷಣಗಳು ಒಂದು ಇನ್ನೊಂದನ್ನು ಹಿಂದೆ ಹಾಕುವ ಕ್ಷಣಗಳು. ವೇಗ ಸಮವಾಗಿದ್ದಿದ್ದರೆ ಹಿಂದೆ ಹಾಕುವುದಾದರೂ ಹೇಗೆ?

ಇಲ್ಲಿಂದ ನನ್ನ ಕ್ರಮ ಗಟ್ಟಿಯಾಯಿತು. ವೇಗವನ್ನು ಚುಕ್ಕಿಯ ಮೇಲೆ ಬರೆಯಗೊಡುವುದಿಲ್ಲ. ಅದರ ಜಾಗ ಎರಡು ಚುಕ್ಕಿಗಳ ನಡುವಿನ ಅಂತರ. ವೇಗೋತ್ಕರ್ಷದ, ಅಂದರೆ ವೇಗ ಬದಲಾಗುವ ದರದ, ಜಾಗ ಚುಕ್ಕಿ: ಅದರ ಮುಂದಿನ ಅಂತರದಿಂದ ಹಿಂದಿನದನ್ನು ಕಳೆದು, ಉಳಿದದ್ದನ್ನು ಆ ಚುಕ್ಕಿಯ ಕೆಳಗೆ ಬರೆಯಬೇಕು. ಮೊದಲ ಮತ್ತು ಕೊನೆಯ ಚುಕ್ಕಿಗಳ ಕೆಳಗೆ ಬರೆಯಲು ಏನೂ ಸಿಗುವುದಿಲ್ಲ, ಅದೂ ಸರಿಯೇ.

ಸಂಖ್ಯೆ ಕೊಡದ ಚುಕ್ಕಿಚಿತ್ರದಲ್ಲಿ ಒಂದು ಚೋದ್ಯವಿದೆ. 0, 1, 3, 6 ಎಂಬ ಸ್ಥಾನಗಳಲ್ಲಿರುವ ಚುಕ್ಕಿಗಳ ಸಾಲನ್ನು ಎಡದಿಂದ ಓದಿದರೆ ವಸ್ತು ಬಲಕ್ಕೆ ಹೋಗುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಬಲದಿಂದ ಓದಿದರೆ ಎಡಕ್ಕೆ ಹೋಗುತ್ತಾ ನಿಧಾನವಾಗುತ್ತದೆ. ಅಂತರಗಳು −3, −2, −1. ಕಳೆದು ನೋಡಿ, ಎರಡು ಓದಿನಲ್ಲೂ ಸಿಗುವುದು +1. ಅಂದರೆ ಸಂಖ್ಯೆಯಿಲ್ಲದ ಚುಕ್ಕಿಗಳು ವಸ್ತು ಎತ್ತ ಹೋಗುತ್ತಿದೆಯೆಂದು ಹೇಳಲಾರವು, ವೇಗೋತ್ಕರ್ಷ ಎತ್ತಲಿದೆಯೆಂದು ಹೇಳಬಲ್ಲವು. ‘ಋಣ ಚಿಹ್ನೆ ಬಂದರೆ ವಸ್ತು ನಿಧಾನವಾಗುತ್ತಿದೆ’ ಎಂಬ ಉರುಹೊಡೆದ ಮಾತನ್ನು ಬಿಡಿಸಲು ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿಲ್ಲ.

ಮೇಲಕ್ಕೆಸೆದ ಚೆಂಡಿನದು ಬೇರೆಯೇ ತೊಡಕು. ಏರುವ ಮತ್ತು ಇಳಿಯುವ ಚುಕ್ಕಿಗಳು ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಇಳಿಯುವ ಸಾಲನ್ನು ಪಕ್ಕಕ್ಕೆ ಸರಿಸಿ ಬರೆಸುತ್ತೇನೆ. ತುತ್ತತುದಿಯಲ್ಲಿ ಒಂದು ಚುಕ್ಕಿ ಬೀಳುವಂತೆ 0.1 ಸೆಕೆಂಡಿಗೊಂದು ಚುಕ್ಕಿ ಇಟ್ಟರೆ ಅಂತರಗಳು 14.7, 4.9, −4.9, −14.7 ಸೆಂಟಿಮೀಟರ್. ತುದಿಯ ಚುಕ್ಕಿಯ ಕೆಳಗೆ ಏನು ಬರುತ್ತದೆ? −4.9ರಿಂದ 4.9 ಕಳೆದರೆ −9.8. ಉಳಿದ ಚುಕ್ಕಿಗಳ ಕೆಳಗೂ ಅದೇ −9.8. ತುದಿಯಲ್ಲಿ ವೇಗ ಸೊನ್ನೆ, ಆದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎಂದು ವಾದಿಸುತ್ತಿದ್ದವರು ತಾವೇ ಕಳೆದು ಬರೆದ ಅಂಕಿಯ ಮುಂದೆ ಸುಮ್ಮನಾಗುತ್ತಾರೆ. ನಾನು ಎಷ್ಟು ಗಂಟಲು ಹರಿದುಕೊಂಡಿದ್ದರೂ ಇದು ಆಗುತ್ತಿರಲಿಲ್ಲ.

ಇದನ್ನೇ ಮೊಬೈಲ್ ವಿಡಿಯೊದಿಂದಲೂ ಮಾಡಿಸುತ್ತೇನೆ. ಸೆಕೆಂಡಿಗೆ 30 ಚೌಕಟ್ಟುಗಳ (ಫ್ರೇಮ್‌ಗಳ) ವಿಡಿಯೊ ಸಾಕು. ಕ್ಯಾಮೆರಾ ಅಲುಗದೆ ಚಲನೆಗೆ ಲಂಬವಾಗಿರಬೇಕು, ಅಳತೆಪಟ್ಟಿ ಚೆಂಡು ಬೀಳುವ ಸಮತಲದಲ್ಲೇ ಇರಬೇಕು, ಪ್ರತಿ ಸಲವೂ ಚೆಂಡಿನ ಒಂದೇ ಅಂಚನ್ನು ಗುರುತಿಸಬೇಕು. ಬೆಳಕು ಚೆನ್ನಾಗಿರಲಿ, ಇಲ್ಲದಿದ್ದರೆ ಚೆಂಡು ಉದ್ದನೆಯ ಮಸುಕಾಗುತ್ತದೆ. ಎಲ್ಲ ಚೌಕಟ್ಟುಗಳನ್ನೂ ಬಳಸಿದರೆ ಹೆಚ್ಚು ನಿಖರವಾದೀತೆಂಬ ಆಸೆ ಸಹಜ, ಆಗುವುದು ಮಾತ್ರ ತದ್ವಿರುದ್ಧ. ಒಂದೊಂದು ಚೌಕಟ್ಟನ್ನೂ ಗುರುತಿಸಿದರೆ ಅಂತರಗಳ ವ್ಯತ್ಯಾಸ ಬರಿಯ 1.1 ಸೆಂಟಿಮೀಟರಿನಷ್ಟು. ಅಂಚು ಗುರುತಿಸುವಾಗ ಒಂದೆರಡು ಮಿಲಿಮೀಟರ್ ತಪ್ಪುವುದು ಸಾಮಾನ್ಯ. ಎರಡು ಸಲ ಕಳೆಯುವಷ್ಟರಲ್ಲಿ ಆ ತಪ್ಪು ಬೆಳೆದು ಉತ್ತರವನ್ನೇ ನುಂಗುತ್ತದೆ. ಮೂರಕ್ಕೊಂದು ಚೌಕಟ್ಟು ತೆಗೆದುಕೊಂಡರೆ ವ್ಯತ್ಯಾಸ 9.8 ಸೆಂಟಿಮೀಟರ್ ಆಗುತ್ತದೆ, ತಪ್ಪು ಅಷ್ಟೇ ಉಳಿಯುತ್ತದೆ.

ವೃತ್ತದಲ್ಲಿ ಏಕರೂಪ ಜವದಿಂದ, ಅಂದರೆ ದಿಕ್ಕು ಬದಲಾದರೂ ವೇಗದ ಪ್ರಮಾಣ ಬದಲಾಗದಂತೆ, ಸುತ್ತುವ ವಸ್ತುವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅಂತರಗಳೆಲ್ಲ ಸಮ, ಅಂಕಿಗಳನ್ನು ಕಳೆದರೆ ಸೊನ್ನೆ. ಆಗ ಅಂಕಿಗಳನ್ನು ಬಿಟ್ಟು ಚುಕ್ಕಿಯಿಂದ ಚುಕ್ಕಿಗೆ ಬಾಣ ಎಳೆಸುತ್ತೇನೆ. ಅಕ್ಕಪಕ್ಕದ ಎರಡು ಬಾಣಗಳ ಬುಡಗಳನ್ನು ಒಂದೆಡೆ ಕೂಡಿಸಿ, ಹಿಂದಿನದರ ತುದಿಯಿಂದ ಮುಂದಿನದರ ತುದಿಗೆ ಗೆರೆ ಎಳೆದು, ಅದನ್ನು ಅವುಗಳ ನಡುವಿನ ಚುಕ್ಕಿಗೆ ತಂದಿಟ್ಟರೆ ಅದೇ ವೇಗೋತ್ಕರ್ಷದ ಬಾಣ, ಅದು ನೇರವಾಗಿ ಕೇಂದ್ರವನ್ನು ತೋರುತ್ತದೆ. ಅಳತೆಪಟ್ಟಿ ಜಾರಿದವರ ಗೆರೆ ಒಂದಿಷ್ಟು ಆಚೀಚೆ ಹೋಗುತ್ತದೆ. ಅಂಥವರಿಂದ ಇನ್ನೆರಡು ಚುಕ್ಕಿಗಳಲ್ಲಿ ಗೆರೆ ಹಾಕಿಸುತ್ತೇನೆ.