ಇ-ಆಡಳಿತದ ಅಧ್ಯಯನಕ್ಕೆ ಆನ್‌ಲೈನ್ ಗುಂಪು ಕಟ್ಟುವುದು ಹೀಗೆ

ಆಸಕ್ತರೆಲ್ಲ ಬನ್ನಿ ಎಂದು ಕರೆದರೆ ಇನ್ನೂರು ಜನ ಸೇರುತ್ತಾರೆ, ವಾರ ಕಳೆಯುವಷ್ಟರಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳಷ್ಟೇ ಉಳಿಯುತ್ತವೆ. ಒಂದೇ ಒಂದು ಪ್ರಶ್ನೆ ಹಿಡಿದು ಏಳೆಂಟು ಜನರಿಂದ ಶುರು ಮಾಡಿ. ಯಾದಗಿರಿ ಜಿಲ್ಲೆಯಲ್ಲಿ 371ಜೆ (ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಅರ್ಹತಾ ಪ್ರಮಾಣಪತ್ರ ಅರ್ಜಿ ಹಾಕಿದ ಎಷ್ಟು ದಿನಕ್ಕೆ ಕೈಸೇರುತ್ತದೆ? ಇಷ್ಟು ಸಾಕು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ, ತಾಲ್ಲೂಕು ವರದಿಗಾರ, ವಕೀಲ ಇರಲಿ. ಹಳ್ಳಿಯಲ್ಲೇ ಸರ್ಕಾರಿ ಸೇವೆಗಳ ಅರ್ಜಿ ಹಾಕಿಸುವ ಗ್ರಾಮ ಒನ್ ಕೇಂದ್ರ ನಡೆಸುವವರು ಮಾತ್ರ ಇರಲೇಬೇಕು. ಅರ್ಜಿ ಯಾವ ಮೇಜಿನಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಅವರಷ್ಟು ಬಲ್ಲವರಿಲ್ಲ.

ಎಲ್ಲರೂ ತುಂಬುವ ಒಂದು ಶೀಟ್ ಮಾಡಿ. ಆರು ಕಾಲಂ: ತಾಲ್ಲೂಕು, ಗ್ರಾಮ, ಅರ್ಜಿ ದಿನಾಂಕ, ಸಕಾಲದ (ಸರ್ಕಾರಿ ಸೇವೆಗೆ ಇಷ್ಟೇ ದಿನ ಎಂದು ಗೊತ್ತುಮಾಡುವ ರಾಜ್ಯದ ಕಾಯ್ದೆ) ಗಡುವು, ಕೈಸೇರಿದ ದಿನ, ತಿರಸ್ಕರಿಸಿದ್ದರೆ ಕಾರಣ. ಹೆಸರು, ಆಧಾರ್, ಮೊಬೈಲ್ ನಂಬರ್ ಬೇಡವೇ ಬೇಡ. ಸ್ವೀಕೃತಿ ಚೀಟಿಯ ಫೋಟೊ ಹಾಕುವ ಚಟವನ್ನು ಮೊದಲ ದಿನವೇ ನಿಲ್ಲಿಸಿ. ಇವೆಲ್ಲ ಹೊರಬೀಳುವುದು ಅಲ್ಲಿಂದಲೇ.

ನಿಜವಾದ ತಲೆನೋವು ಊರಿನ ಹೆಸರುಗಳದ್ದು. 2009ರ ಡಿಸೆಂಬರ್‌ವರೆಗೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯ ಲೆಕ್ಕದಲ್ಲಿದ್ದವು. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ಆಮೇಲೆ ಹುಣಸಗಿ, ವಡಗೇರಾ, ಗುರುಮಠಕಲ್ ಹೊಸ ತಾಲ್ಲೂಕಾದವು. ಸುರಪುರದ ಹಳೆಯ, ಹೊಸ ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ಅರ್ಜಿಗಳು ಅರ್ಧಕ್ಕಿಳಿದವು ಎಂದು ಬರೆದುಬಿಟ್ಟೀರಿ, ಹುಷಾರ್! ಹುಣಸಗಿ ಬೇರೆಯಾಗಿದೆ, ಅಷ್ಟೇ. ಆದ್ದರಿಂದ ಹೆಸರಿನ ಪಕ್ಕ ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ ಕೋಡ್ (ಪ್ರತಿ ಊರು, ತಾಲ್ಲೂಕಿಗೆ ಕೊಟ್ಟ ಗುರುತಿನ ಸಂಖ್ಯೆ) ಬರೆಯಿರಿ, ಹೋಲಿಕೆ ಮಾಡುವಾಗ ಹಳ್ಳಿಗಳನ್ನು ಕೂಡಿಸಿ ಹಳೆಯ ತಾಲ್ಲೂಕಿನ ಗಡಿಗೆ ತನ್ನಿ.

ಇಲಾಖೆಯ ಹಳೆಯ ಕಡತ ನುಡಿ ತಂತ್ರಾಂಶದ ಆಸ್ಕಿ (ಯೂನಿಕೋಡ್‌ಗೂ ಹಿಂದಿನ) ಫಾಂಟಿನಲ್ಲಿದ್ದರೆ ನಕಲು ಮಾಡಿದ ತಕ್ಷಣ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಬರುವುದರಿಂದ ಜಾಗ ತಪ್ಪುವುದು ಅಲ್ಲೇ.

ಸಿಗದ ಮಾಹಿತಿಗೆ 10 ರೂಪಾಯಿ ಶುಲ್ಕದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಎರಡು ವಿಷಯ ಸೇರಿಸಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. "ಯಾಕೆ ತಡ?" ಎಂದು ಕೇಳಿದರೆ ಉತ್ತರವಿಲ್ಲ, ಅರ್ಜಿ ವಹಿಯ ನಕಲು ಕೇಳಿ. 30 ದಿನಕ್ಕೂ ಬರಲಿಲ್ಲವೆಂದರೆ ಮೊದಲ ಮೇಲ್ಮನವಿ. ಅದರ ಕರಡನ್ನು ವಕೀಲರ ಕೈಯಲ್ಲಿ ಮೊದಲೇ ಬರೆಸಿ ಶೀಟಿನ ಜೊತೆಗೇ ಇಟ್ಟಿರಿ.