ಹೊಸ ಹಾಸಿಗೆ ಹಾಕದೆ ತಿಂಗಳಿಗೆ 60 ರೋಗಿಗಳು ಹೆಚ್ಚು: ನನ್ನ ಅನುಭವ

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಆಸ್ಪತ್ರೆಯ ಆಡಳಿತ ಮಂಡಳಿ ಮೂರನೇ ಮಹಡಿಯಲ್ಲಿ 10 ಹಾಸಿಗೆ ಹಾಕಲು ಹೊರಟಿತ್ತು. ಅಂದಾಜು ಪಟ್ಟಿ 40 ಲಕ್ಷದ ಹತ್ತಿರ ಬಂದಿತ್ತು. ಇರುವ 60 ಹಾಸಿಗೆ ಸಾಕು, ನನಗೆ ಆರು ತಿಂಗಳು ಕೊಡಿ ಎಂದೆ. ಯಾರೂ ನಂಬಲಿಲ್ಲ. "ಡೆಂಗಿ ರೋಗಿಗಳನ್ನು ಮಂಗಳೂರಿಗೆ ಕಳಿಸುತ್ತಿದ್ದೇವೆ, ನೀವು ಹಾಸಿಗೆ ಸಾಕು ಎನ್ನುತ್ತೀರಲ್ಲ!" ಎಂದು ಹಿರಿಯ ಡಾಕ್ಟರೊಬ್ಬರು ಸಭೆಯಲ್ಲೇ ರೇಗಿದರು.

ಅವರು ಹೇಳಿದ್ದು ನಿಜವೇ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯದಿಂದ ಬೆಳಿಗ್ಗೆ 11ಕ್ಕೆ ಬಂದವರಿಗೆ ಜಾಗವಿರುತ್ತಿರಲಿಲ್ಲ. ಮಧ್ಯರಾತ್ರಿಯ ಎಣಿಕೆಯಲ್ಲಿ ಮಾತ್ರ ಶೇ. 70 ಭರ್ತಿ, ಅಂದರೆ 18 ಹಾಸಿಗೆ ಖಾಲಿ. ಈ ಎಣಿಕೆ ನಮ್ಮನ್ನು ವರ್ಷಗಟ್ಟಲೆ ದಾರಿ ತಪ್ಪಿಸಿತ್ತು. ಗೆರೆ ಹಾಕಿದ ನೋಟ್ ಪುಸ್ತಕವೊಂದನ್ನು ಹಿಡಿದು ಪ್ರತಿ ಹಾಸಿಗೆಗೂ ನಾಲ್ಕು ಹೊತ್ತು ಬರೆಸಿದೆ: ಡಾಕ್ಟರು ಮನೆಗೆ ಹೋಗಬಹುದು ಎಂದದ್ದು, ಬಿಲ್ ಕಟ್ಟಿದ್ದು, ರೋಗಿ ಹೊರಟದ್ದು, ಹೊಸ ಬೆಡ್‌ಶೀಟ್ ಹಾಸಿದ್ದು. ಎರಡು ವಾರದಲ್ಲಿ ವಿಷಯ ಬಯಲಾಯಿತು. ಒಂಬತ್ತೂವರೆಗೆ ಅಪ್ಪಣೆ, ಹೊರಡುವುದು ಮೂರೂವರೆಗೆ, ಹಾಸಿಗೆ ಸಿದ್ಧವಾಗುವುದು ಐದಕ್ಕೆ. ಅಷ್ಟರಲ್ಲಿ ಹೊಸ ರೋಗಿ ಮಂಗಳೂರಿನ ದಾರಿ ಹಿಡಿದು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿರುತ್ತಿದ್ದರು. ಬಿಲ್ ಆಗುವಾಗ ಕತ್ತಲಾಯಿತು, ಇನ್ನು ಊರಿಗೆ ಬಸ್ಸಿಲ್ಲ ಎಂದು ಒಂದು ರಾತ್ರಿ ಹೆಚ್ಚು ಉಳಿಯುವವರೂ ಇದ್ದರು.

2020ರಲ್ಲಿ ತಲಪಾಡಿಯ ಗಡಿ ಮುಚ್ಚಿದ ದಿನಗಳನ್ನು ನಾನು ಕಂಡಿದ್ದೇನೆ. ಮಂಗಳೂರು ಇದೆಯಲ್ಲ ಎಂಬ ಧೈರ್ಯ ಅಂದೇ ಹೋಯಿತು. ನನ್ನ ಹಠಕ್ಕೆ ಅದೂ ಒಂದು ಕಾರಣ.

ಮೊದಲ ಪ್ರಯತ್ನ ಕೆಟ್ಟಿತು. '11 ಗಂಟೆಯೊಳಗೆ ಹಾಸಿಗೆ ಬಿಡಿ' ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಫಲಕ ಹಾಕಿಸಿದೆ. ಜನ ಹಾಸಿಗೆ ಬಿಟ್ಟರು, ಬಿಲ್ ಬರಲಿಲ್ಲ. ಬಾಣಂತಿಯೊಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ವರಾಂಡದ ಬೆಂಚಿನಲ್ಲಿ ಎರಡು ಗಂಟೆ ಕುಳಿತದ್ದನ್ನು ನೋಡಿದೆ. ಅದೇ ದಿನ ಫಲಕ ತೆಗೆಸಿದೆ. ಬಳಿಕ ಸುಮಾರು 85,000 ಕೊಟ್ಟು ಸಾಫ್ಟ್‌ವೇರ್ ಹಾಕಿಸಿದೆವು. ಪುಸ್ತಕದಲ್ಲೊಮ್ಮೆ, ಕಂಪ್ಯೂಟರಿನಲ್ಲೊಮ್ಮೆ ಬರೆಯಲು ಸಿಸ್ಟರ್‌ಗಳಿಗೆ ಪುರುಸೊತ್ತೆಲ್ಲಿ? ಎರಡು ತಿಂಗಳಿಗೆ ಅದು ನಿಂತಿತು. ಆ ಹಣ ಹೋದದ್ದು ಇಂದಿಗೂ ನನ್ನನ್ನು ಕೊರೆಯುತ್ತದೆ.

ಕೈಹಿಡಿದದ್ದು ಒಂದು ಹಸಿರು ರಿಬ್ಬನ್. ಸಂಜೆ ಐದಕ್ಕೆ ಹೆಡ್ ಸಿಸ್ಟರ್ ಜೊತೆ ವಾರ್ಡ್ ಸುತ್ತುತ್ತೇನೆ. ನಾಳೆ ಹೊರಡಬಹುದಾದವರ ಕೇಸ್ ಶೀಟಿಗೆ ರಿಬ್ಬನ್ ಕಟ್ಟುತ್ತೇವೆ. ರಿಬ್ಬನ್ ಬಿದ್ದರೆ ರಾತ್ರಿ ಎಂಟರೊಳಗೆ ಉಳಿದ ಔಷಧ ಫಾರ್ಮಸಿಗೆ ಮರಳಬೇಕು, ಡಿಸ್ಚಾರ್ಜ್ ಸಮ್ಮರಿಯ ಕರಡು ಆಗಬೇಕು, ಅಲ್ಲಿಯವರೆಗಿನ ಬಿಲ್ ಮುಗಿಯಬೇಕು. ಬೆಳಿಗ್ಗೆ ಉಳಿಯುವುದು ಕೊನೆಯ ಒಂದೆರಡು ಸಾಲು. ರಾತ್ರಿ ಜ್ವರ ಬಂದರೆ ರಿಬ್ಬನ್ ಬಿಚ್ಚುತ್ತೇವೆ. ಹತ್ತರಲ್ಲಿ ಎರಡು ಹಾಗೆ ಬಿಚ್ಚಿಹೋಗುತ್ತವೆ. ಆ ಎರಡರ ಕೆಲಸ ದಂಡ ಎಂದು ಬಿಲ್ಲಿಂಗಿನವರು ಗೊಣಗಿದರು, ನಾನು ಜಗ್ಗಲಿಲ್ಲ. ಸಂಜೆ ರೌಂಡ್ಸಿಗೇ ಬಾರದ ಸರ್ಜನ್ ಒಬ್ಬರು ಈಗ ತಪ್ಪದೆ ಬರುತ್ತಾರೆ. ಅವರನ್ನು ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ನನ್ನಲ್ಲೇ ಇರಲಿ.

ವಿಮೆಯದು ಬೇರೆ ತಲೆನೋವು. ನಗದುರಹಿತ ಕ್ಲೇಮಿನ ಅಂತಿಮ ಒಪ್ಪಿಗೆ ಆಸ್ಪತ್ರೆ ಡಿಸ್ಚಾರ್ಜ್ ಕಾಗದ ಕಳಿಸಿದ ಮೂರು ತಾಸಿನೊಳಗೆ ಬರಬೇಕೆಂದು 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಸುತ್ತೋಲೆ ಹೊರಡಿಸಿತು. ಆದರೆ ನಾವೇ ಮಧ್ಯಾಹ್ನ ಕಾಗದ ಕಳಿಸಿದರೆ ಏನು ಪ್ರಯೋಜನ? ಲ್ಯಾಬ್ ವರದಿಯೊಂದು ಕಡಿಮೆಯಿದ್ದರೆ ಮತ್ತೆ ಪ್ರಶ್ನೆ, ಮತ್ತೆ ಕಾಯುವುದು. ಈಗ ಹಿಂದಿನ ಸಂಜೆಯೇ ಕಡತ ನೋಡಿಟ್ಟು ಬೆಳಿಗ್ಗೆ ಎಂಟೂವರೆಗೆ ಕಳಿಸುತ್ತೇವೆ.

ರೋಗಿಯ ಜೊತೆಗಿರುವ ಬೈಸ್ಟ್ಯಾಂಡರ್ ಹತ್ತಿರ ಸಂಜೆಯೇ ಕೇಳುತ್ತೇವೆ: ನಾಳೆ ಕರೆದೊಯ್ಯಲು ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ? ಮಂಗಳವಾರ, ಅಮಾವಾಸ್ಯೆಯಂದು ಅನೇಕರು ಮನೆಗೆ ಹೋಗಲು ಒಪ್ಪುವುದಿಲ್ಲ. ಶುಕ್ರವಾರ ಕೆಲವು ಮನೆಯವರು ಜುಮಾ ಮುಗಿಸಿಯೇ ಬರುತ್ತಾರೆ. ವಾದಿಸಿ ಫಲವಿಲ್ಲ. ಮಂಗಳವಾರ ಹೊರಡಬೇಕಾದವರಲ್ಲಿ ಆಗುವವರನ್ನು ಸೋಮವಾರ ಸಂಜೆಯೇ ಬಿಡುತ್ತೇವೆ, ಮೊದಲೇ ಗೊತ್ತಾದ ಆಪರೇಷನ್‌ಗಳನ್ನು ಬುಧವಾರಕ್ಕೆ ಇಡುತ್ತೇವೆ.

ಇನ್ನೊಂದು ಪ್ರಯೋಗ ಬೆಡ್‌ಶೀಟಿನದು. ಹಾಸಿಗೆ ಒರೆಸಿ ಸಿದ್ಧಮಾಡಲು 15 ನಿಮಿಷ ಸಾಕು, ಆದರೂ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಏಕೆಂದು ನೋಡಲು ಟೆರೇಸ್ ಹತ್ತಿದೆ. ಆಟಿ ತಿಂಗಳ ಮಳೆ, ತಗಡಿನ ಮಾಡಿನ ಕೆಳಗೆ ಸಾಲಾಗಿ ನೇತುಹಾಕಿದ್ದ ಬೆಡ್‌ಶೀಟುಗಳ ಅಂಚು ಹಿಂಡಿದರೆ ನೀರು ಬರುವಂತಿತ್ತು, ಮುಗ್ಗಲು ವಾಸನೆ ಬೇರೆ. ಕೆಳಗೆ ಹಾಸಿಗೆ ಖಾಲಿಯಿತ್ತು, ಅದಕ್ಕೆ ಹಾಸಲು ಒಣಗಿದ ಬಟ್ಟೆ ಇರಲಿಲ್ಲ! ಹಳೆಯ ಡ್ರೈಯರ್ ಒಂದು 1 ಲಕ್ಷ 10 ಸಾವಿರಕ್ಕೆ ಸಿಕ್ಕಿತು, 90 ಬೆಡ್‌ಶೀಟಿಗೆ 36,000 ಆಯಿತು. 40 ಲಕ್ಷದ ಮಾತಾಡಿದವರ ಮುಂದೆ ಒಂದೂವರೆ ಲಕ್ಷದೊಳಗಿನ ಬಿಲ್ ಇಟ್ಟೆ.

ತಿಂಗಳಿಗೆ 300ರಷ್ಟಿದ್ದ ಡಿಸ್ಚಾರ್ಜ್ ಈಗ 360ರ ಆಸುಪಾಸು. ರೋಗಿಯೊಬ್ಬರು ಆಸ್ಪತ್ರೆಯಲ್ಲಿ ಉಳಿಯುವ ಸರಾಸರಿ ಅವಧಿ 4.2 ದಿನದಿಂದ 3.7ಕ್ಕೆ ಇಳಿಯಿತು. ಒಬ್ಬರು ಎದ್ದು ಇನ್ನೊಬ್ಬರು ಮಲಗುವ ನಡುವಿನ ಅಂತರ 43 ಗಂಟೆಯಿಂದ 31ಕ್ಕೆ ಬಂತು. ಮಧ್ಯರಾತ್ರಿಯ ಭರ್ತಿ ಮಾತ್ರ 70ರಿಂದ 74, ಅಷ್ಟೇ. ಅದೊಂದನ್ನೇ ನೋಡುವವರಿಗೆ ಇಲ್ಲಿ ಏನೂ ನಡೆದಂತೆ ಕಾಣದು. ಅವಸರದಲ್ಲಿ ಮನೆಗೆ ಅಟ್ಟುತ್ತೀರಿ ಎಂದವರಿಗೂ ಲೆಕ್ಕ ತೋರಿಸಿದೆ: ಏಳು ದಿನದೊಳಗೆ ಮರಳಿ ದಾಖಲಾಗುವವರು ಮೊದಲು ತಿಂಗಳಿಗೆ ಎಂಟೊಂಬತ್ತು ಮಂದಿ, ಈಗಲೂ ಅಷ್ಟೇ.

ಭಾನುವಾರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಅಂದು ಬಿಲ್ಲಿಂಗಿನಲ್ಲಿ ಒಬ್ಬರೇ ಇರುತ್ತಾರೆ, ಶನಿವಾರ ಕಟ್ಟಿದ ರಿಬ್ಬನ್‌ಗಳಲ್ಲಿ ಅರ್ಧ ಸೋಮವಾರದವರೆಗೆ ಹಾಗೇ ಉಳಿಯುತ್ತವೆ. ಮುಂದಿನ ತಿಂಗಳಿಂದ ಇನ್ನೊಬ್ಬರನ್ನು ಅರ್ಧ ದಿನಕ್ಕೆ ಕೂರಿಸಲು ಮಂಡಳಿಯನ್ನು ಒಪ್ಪಿಸಿದ್ದೇನೆ.