ಬೀಜ ಬದಲಾಯಿಸೋದು ಸುಲಭ, ಸ್ಪ್ರೇ ಪಂಪ್ ಕೆಳಗಿಡೋದು ಕಷ್ಟ

ಟೊಮೆಟೊ ಬೆಳೆಯುವ ನಮ್ಮಂಥ ಸಣ್ಣ ರೈತರಿಗೆ ಬೇಸಿಗೆ ನಾಟಿ ಅಂದರೆ ಒಂದು ಥರ ಜೂಜು. ಬಿಳಿನೊಣ ಜಾಸ್ತಿ ಆಗುವುದು ಆಗಲೇ. ಎಲೆ ಮುದುರು ರೋಗದ ವೈರಸ್ ತಂದು ಹಚ್ಚುವುದು ಅದೇ ನೊಣ. ಎಳೆ ಸಸಿಗೆ ಮುದುರು ಬಂದರೆ ಆ ಗಿಡದಿಂದ ಕಾಯಿ ಸಿಗುವ ಆಸೆ ಬಿಡಬೇಕು. ನಮ್ಮ ಜಮೀನು ಬೆಂಗಳೂರಿನ ಉತ್ತರಕ್ಕೆ, ರಾಜಾನುಕುಂಟೆಯಿಂದ ಒಳಗೆ. ಒಂದೂವರೆ ಎಕರೆ, ಒಂದು ಬೋರ್‌ವೆಲ್. ವಾರಕ್ಕೊಮ್ಮೆ ಔಷಧಿ ಹೊಡೆಯುವುದು ನಮಗೆಲ್ಲ ರೂಢಿಯೇ ಆಗಿಹೋಗಿತ್ತು. ಮುದುರು ಕಂಡ ಮೇಲೆ ಹೊಡೆದು ಪ್ರಯೋಜನವಿಲ್ಲ, ವೈರಸ್‌ಗೆ ಮದ್ದಿಲ್ಲ. ಹಾಗಾಗಿ ಎಲ್ಲರೂ ಭಯಕ್ಕೆ ಮುಂಚೆಯೇ ಹೊಡೆಯುತ್ತಾರೆ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮಗೆ ದೂರವೇನಲ್ಲ. ಅಲ್ಲಿನ 'ಅರ್ಕಾ ರಕ್ಷಕ್' ಹೈಬ್ರಿಡ್ ಬಗ್ಗೆ ಮೊದಲು ಕೇಳಿದ್ದು ತೋಟಗಾರಿಕಾ ಮೇಳದಲ್ಲಿ. ಎಲೆ ಮುದುರು, ದುಂಡಾಣು (ಬ್ಯಾಕ್ಟೀರಿಯಾ) ಸೊರಗು, ಮುಂಗಾಮಿ ಅಂಗಮಾರಿ, ಮೂರನ್ನೂ ತಡೆಯುತ್ತದೆ ಅಂದರು. ಹೆಕ್ಟೇರಿಗೆ 75–80 ಟನ್ ಇಳುವರಿ ಅಂತಲೂ ಹೇಳಿದರು. ಆ ಇಳುವರಿಯ ಮಾತನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಅವರ ನೀರು, ಅವರ ಗೊಬ್ಬರ, ಅವರ ಆಳು ನಮ್ಮ ಹತ್ತಿರ ಇಲ್ಲವಲ್ಲ. ನನ್ನನ್ನು ಹಿಡಿದಿದ್ದು ಸೊರಗು ರೋಗದ ಮಾತು.

ಯಾಕೆಂದರೆ ನಮ್ಮ ತಗ್ಗಿನ ಪಟ್ಟಿಯಲ್ಲಿ ಪ್ರತಿ ಸಲ ಅದೇ ಕಥೆ. ಗಿಡ ಹಸಿರಾಗೇ ಇರುತ್ತದೆ, ಮಧ್ಯಾಹ್ನ ಜೋಲುತ್ತದೆ, ಸಂಜೆ ಎದ್ದು ನಿಂತ ಹಾಗೆ ಕಾಣುತ್ತದೆ. ಎರಡು ಮೂರು ದಿನಕ್ಕೆ ಮಲಗಿಬಿಡುತ್ತದೆ. ನೀರು ಸಾಲದೇ ಹೀಗಾಯ್ತು ಅಂತ ಅಪ್ಪ ಇನ್ನಷ್ಟು ನೀರು ಬಿಡಿಸುತ್ತಿದ್ದರು. ಇದು ದುಂಡಾಣುವಿನ ಸೊರಗೋ ಅಲ್ಲವೋ ಅಂತ ನೋಡಲು ಮನೆಯಲ್ಲೇ ದಾರಿ ಇದೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕೊಯ್ದು, ಗಾಜಿನ ಲೋಟದ ನೀರಲ್ಲಿ ಕೊಯ್ದ ತುದಿ ಮುಳುಗುವಂತೆ ಹಿಡಿಯಿರಿ. ಅಲ್ಲಾಡಿಸಬೇಡಿ. ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಬೆಳ್ಳಗೆ, ಊದಿನಕಡ್ಡಿ ಹೊಗೆ ತಲೆಕೆಳಗಾಗಿ ಇಳಿದ ಹಾಗೆ, ಎಳೆ ಎಳೆಯಾಗಿ ಇಳಿಯುತ್ತದೆ. ಅದೇ ದುಂಡಾಣು. ಶಿಲೀಂಧ್ರದಿಂದ ಬಂದ ಸೊರಗಾದರೆ ನೀರು ತಿಳಿಯಾಗೇ ಇರುತ್ತದೆ. ನಮ್ಮ ಲೋಟ ನೋಡನೋಡುತ್ತಿದ್ದಂತೆ ಹಾಲು ಬೆರೆಸಿದಂತಾಯಿತು.

ಈ ದುಂಡಾಣು ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಿದರೂ ಅದಕ್ಕೆ ಊಟ ಸಿಕ್ಕ ಹಾಗೇ. ಹಾಗಾಗಿ ಮೊದಲ ಸಲ ರಕ್ಷಕ್ ಹಾಕಿದ್ದು ಒಳ್ಳೆಯ ಮಣ್ಣಿನ ಕಡೆ ಅಲ್ಲ, ಬೇಕಂತಲೇ ಆ ತಗ್ಗಿನಲ್ಲಿ. ಪಕ್ಕದ ಸಾಲುಗಳಿಗೆ ಹಿಂದಿನ ವರ್ಷದ ಕಂಪನಿ ತಳಿ. ಹೊಸ ತಳಿಯನ್ನು ಎಲ್ಲ ತಳಿಯೂ ಚೆನ್ನಾಗಿ ಬೆಳೆಯುವ ಜಾಗದಲ್ಲಿ ಹಾಕಿ ನೋಡಿದರೆ ಏನು ಗೊತ್ತಾಗುತ್ತದೆ ಹೇಳಿ?

ಸಸಿ ಮಾಡಿಸಿದ್ದು ನರ್ಸರಿಯಲ್ಲಿ, ಪ್ರೋಟ್ರೇ ಅನ್ನುವ ಗುಳಿಗುಳಿ ಪ್ಲಾಸ್ಟಿಕ್ ತಟ್ಟೆಯಲ್ಲಿ, ಸಣ್ಣ ಕಣ್ಣಿನ ಬಲೆಯೊಳಗೆ. ರೋಗ ತಡೆಯುವ ತಳಿ ಅಂತ ಸಸಿಯನ್ನು ಬಯಲಲ್ಲಿ ಬಿಡಬಾರದು. 25 ದಿನದ ಸಸಿ ನಾಟಿ ಮಾಡಿದೆವು. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು. ಕಾಯಿಕೊರಕ ಟೊಮೆಟೊ ಬಿಟ್ಟು ಆ ಹೂವಿಗೆ ಮೊಟ್ಟೆ ಇಡಲಿ ಅಂತ. ಚೆಂಡು ಹೂವಿನ ಸಸಿ 40 ದಿನದ್ದಾಗಿರಬೇಕು, ಆಗಲೇ ಎರಡೂ ಒಟ್ಟಿಗೆ ಹೂ ಬಿಡುವುದು. ಹೂವನ್ನು ಬಿಡಿಸಿ ಮಾರಿದ್ದೂ ಆಯಿತು.

ನಿಜವಾದ ಕಷ್ಟ ಶುರುವಾಗಿದ್ದು ನಾಟಿ ಆದ ಮೇಲೆ. ಬೀಜಕ್ಕೆ ದುಡ್ಡು ಕೊಟ್ಟಾಯಿತು, ಆದರೆ ಔಷಧಿ ನಿಲ್ಲಿಸಲು ಧೈರ್ಯ ಬರಬೇಕಲ್ಲ. ಔಷಧಿ ಅಂಗಡಿಯವರನ್ನು ಕೇಳಿದರೆ, 'ರೋಗ ಬರಲ್ಲ ಅಂತ ಬರೆದುಕೊಟ್ಟಿದ್ದಾರಾ ಅಣ್ಣ? ಒಂದು ರೌಂಡ್ ಹೊಡೆದುಬಿಡಿ' ಅಂದರು. ಅವರ ವ್ಯಾಪಾರ ಅವರಿಗೆ. ನಾನು ತಗ್ಗಿನ ಸಾಲಿಗೆ ಹಳದಿ ಅಂಟು ಹಾಳೆ ಕಟ್ಟಿ, ದಿನಾ ಬೆಳಿಗ್ಗೆ ಎಲೆಯ ಹಿಂಭಾಗ ತಿರುವಿ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ನೊಣ ಇತ್ತು. ಆದರೂ ರಕ್ಷಕ್ ಗಿಡದ ಚಿಗುರು ನೆಟ್ಟಗೇ ಇತ್ತು. ಪಕ್ಕದ ಸಾಲಿನಲ್ಲಿ ಚಿಗುರು ದೋಣಿಯಂತೆ ಮಡಚಿಕೊಳ್ಳತೊಡಗಿತು. ಅದನ್ನು ನೋಡಿದ ಮೇಲೇ ಬಿಳಿನೊಣದ ಔಷಧಿ ನಿಲ್ಲಿಸಿದ್ದು. ಈ ತಳಿಯಿಂದ ನನಗೆ ಉಳಿದ ದುಡ್ಡಲ್ಲಿ ದೊಡ್ಡ ಪಾಲು ಅದೇ. ಬೀಜ ಬದಲಾಯಿಸಿ ಔಷಧಿಯನ್ನು ಹಳೇ ಲೆಕ್ಕದಲ್ಲೇ ಹೊಡೆಯುವವರು ನಮ್ಮೂರಲ್ಲಿ ಈಗಲೂ ಇದ್ದಾರೆ. ಆಮೇಲೆ 'ಏನೂ ಲಾಭ ಇಲ್ಲ ಕಣ್ರೀ' ಅನ್ನುತ್ತಾರೆ.

ಹಾಗಂತ ಪಂಪ್ ಅಟ್ಟಕ್ಕೆ ಹಾಕಿಲ್ಲ. ರಕ್ಷಕ್ ತಡೆಯುವುದು ಹೇಳಿದ ಮೂರು ರೋಗ ಮಾತ್ರ. ಥ್ರಿಪ್ಸ್ ಅನ್ನುವ ಸಣ್ಣ ಕೀಟ ಹರಡುವ ಬೇರೆ ವೈರಸ್ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. 2014ರ ಆಸುಪಾಸಿನಲ್ಲಿ ದೇಶಕ್ಕೆ ಕಾಲಿಟ್ಟ ಟೂಟಾ ಹುಳುವಿಗೂ ಇದು ತಡೆಯಲ್ಲ. ಎಲೆಯೊಳಗೆ ಬಿಳಿ ಮಚ್ಚೆ ಮಾಡಿ ಕಾಯಿಗೂ ತೂತು ಕೊರೆಯುತ್ತದೆ. ಅದಕ್ಕೆ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಕಟ್ಟುತ್ತೇವೆ. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ಕೊನೆ ಅಂಗಮಾರಿ ಬರಬಹುದು, ಆಗ ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಹೊಡೆಯಲೇಬೇಕು. ತಡೆಯುವ ತಳಿಯಾದರೂ ಮುಂಗಾಮಿ ಅಂಗಮಾರಿಯ ಬಳೆ ಬಳೆ ಚುಕ್ಕೆ ಕೆಳಗಿನ ಹಣ್ಣೆಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಬರುತ್ತದೆ. ಗಾಬರಿ ಬೇಡ, ನೆಲ ಮುಟ್ಟುವ ಎಲೆ ಕಿತ್ತುಬಿಟ್ಟರೆ ಸಾಕು. ಕೋಲು ಕೊಟ್ಟು ದಾರ ಕಟ್ಟುವುದು ತಪ್ಪಿಸಬೇಡಿ, ಕಾಯಿ ಭಾರಕ್ಕೆ ಗಿಡ ಬೀಳುತ್ತದೆ.

ಮಂಡಿಯಲ್ಲಿ ತಳಿಯ ಹೆಸರು ಯಾರೂ ಕೇಳುವುದಿಲ್ಲ. ಬಾಕ್ಸ್ ತೆರೆದು ಹಣ್ಣು ಒತ್ತಿ ನೋಡುತ್ತಾರೆ, ಬಣ್ಣ ನೋಡುತ್ತಾರೆ. ರಕ್ಷಕ್ ಹಣ್ಣು 90–100 ಗ್ರಾಂ ತೂಗುತ್ತದೆ, ಕಡುಗೆಂಪು, ಗಟ್ಟಿ. ಗಾಡಿಯಲ್ಲಿ ಕುಲುಕಿದರೂ ಒಡೆಯುವುದಿಲ್ಲ. ಆದರೆ ಸಾರಿಗೆ ನಾಟಿ ಟೊಮೆಟೊನೇ ಬೇಕು ಅನ್ನುವ ಗಿರಾಕಿ ಇದನ್ನು ಫಾರಂ ಅಂತ ಪಕ್ಕಕ್ಕಿಡುತ್ತಾರೆ. ನಮ್ಮ ಮನೆಯವರೂ ಅದೇ ಪಕ್ಷ. ಬದುವಿನಲ್ಲಿ ಅವರ ನಾಟಿ ಗಿಡ ಬೇರೆಯೇ ಇವೆ.

ಇನ್ನು ಬೀಜದ ವಿಷಯ. ಇದು ಎಫ್-ಒನ್ ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ. ನಿಮ್ಮ ಹಣ್ಣಿನ ಬೀಜ ತೆಗೆದು ಬಿತ್ತಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ, ರೋಗ ತಡೆಯುವ ಗುಣವೂ ಎಲ್ಲದರಲ್ಲಿ ಉಳಿಯಲ್ಲ. ಪ್ರತಿ ಸಲ ಹೊಸ ಬೀಜ ಕೊಳ್ಳಲೇಬೇಕು. ರಾಗಿಯಲ್ಲಿ ಆ ತಾಪತ್ರಯ ಇಲ್ಲ. ಜಿಕೆವಿಕೆಯ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ, ಜಿಪಿಯು-28 ರಾಗಿ ತಳಿ ಬೆಂಕಿ ರೋಗ ತಡೆಯುತ್ತದೆ, ಹೈಬ್ರಿಡ್ ಅಲ್ಲ, ಮನೆ ಬೀಜವನ್ನೇ ಬಿತ್ತಬಹುದು. ಟೊಮೆಟೊ ಮುಗಿದ ಪಟ್ಟಿಗೆ ನಾವು ಅದನ್ನೇ ಹಾಕುವುದು, ಸೊರಗಿನ ದುಂಡಾಣುವಿಗೂ ಅಷ್ಟು ದಿನ ಉಪವಾಸ.

ಈಗ 'ಅರ್ಕಾ ಅಭೇದ್' ಅಂತ ಇನ್ನೊಂದು ಬಂದಿದೆ, ಕೊನೆ ಅಂಗಮಾರಿಯನ್ನೂ ಸೇರಿಸಿ ನಾಲ್ಕು ರೋಗ ತಡೆಯುವಂಥದ್ದು. ಅದನ್ನೂ ಪೂರ್ತಿ ಜಮೀನಿಗೆ ಹಾಕಲ್ಲ. ಮಳೆಗಾಲದ ಬೆಳೆಗೆ, ತೇವ ಜಾಸ್ತಿ ನಿಲ್ಲುವ ಕಡೆ ನಾಲ್ಕು ಸಾಲು ಇಟ್ಟು ನೋಡಬೇಕು. ಬೀಜ ಬುಕ್ ಮಾಡಿದ್ದೇನೆ.